ಎಪ್ಪತ್ತು ಓರೆ

ಕ್ರಿಸ್ಟಿಯನ್ಸ್‌ಹಾವ್ನ್, ಕಾಲುವೆಗೆ ಬೆನ್ನು ಹಾಕಿದ ಮನೆ,
ಮೂರನೇ ಮಹಡಿ. ಫೆಬ್ರವರಿ.
ಹನ್ನೊಂದು ಇಪ್ಪತ್ತಕ್ಕೆ ಬರುತ್ತದೆ ಬೆಳಕು,
ಹನ್ನೊಂದು ನಲವತ್ತಕ್ಕೆ ಹೇಳದೆ ಕೇಳದೆ ಎದ್ದು ಹೋಗುತ್ತದೆ.
ಅಷ್ಟರೊಳಗೆ ಕೋಣೆ ಖಾಲಿಯಾಗಬೇಕು.
ಖಾಲಿ ಮಾಡುವವನು ನಾನು.

ಬೋಡಿಲ್ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿ
ಒಳಗಿನಿಂದಲೇ ಕೂಗುತ್ತಾಳೆ:
ಟೀವಿ ತೆಗೆ. ಆ ಕ್ಯಾಲೆಂಡರು. ಗುಳಿಗೆ ಡಬ್ಬಿ.
ಐಗಿಲ್ ಮುದುಕನ ಊರುಗೋಲು, ಅದರ ಹಿಂದಿನ ಹೀಟರು.
"ಹೀಟರು ಗೋಡೆ ಕಚ್ಚಿಕೊಂಡಿದೆ" ಎಂದೆ.
"ಹಾಗಾದರೆ ಮೇಲೊಂದು ಬಟ್ಟೆ ಹಾಕು."

ನೂರ ಹದಿನೆಂಟು ವರ್ಷದ ಹಿಂದೆ
ಇದೇ ಕೋಣೆಯನ್ನು ಲೌರಿಟ್ಸ್ ಹೋಲ್ಕ್
ನಲವತ್ತೊಂದು ಸಲ ಬರೆದ.
ಒಂದು ಬಾಗಿಲು, ಓರೆ ಮಾಡಿದ ಆ ಬಾಗಿಲಾಚೆ ಇನ್ನೊಂದು,
ಒಂದು ಕಿಟಕಿ, ನೆಲದ ಮೇಲೆ ಅದರ ಬಿಸಿಲು
ಹಿಂಡಿ ಹರವಿದ ಹಚ್ಚಡದ ಹಾಗೆ.
ಬೂದು ಬಣ್ಣವೇ ಎಷ್ಟು ಬಗೆ!
ಒಲೆಯ ಬೂದಿ, ಕಡಲ ಮೋಡ, ಪಾತ್ರೆ ತೊಳೆದ ನೀರು,
ಹಳೆ ಬೆಳ್ಳಿ ಚಮಚದ ಹೊಟ್ಟೆ.
ನಡುವೆ ಬೆನ್ನು ತಿರುಗಿಸಿ ನಿಂತ ಹೆಂಡತಿ, ಥ್ಯೂರಾ.
ಕಪ್ಪು ಉಡುಪು, ಮೇಲೆತ್ತಿ ಕಟ್ಟಿದ ತುರುಬು,
ಹೆಕ್ಕತ್ತಿನ ಮೇಲೆ ತಪ್ಪಿಸಿಕೊಂಡ ಎರಡು ಕೂದಲು.
ಮೌನ, ಎಂದು ಬರೆದರು ಪತ್ರಿಕೆಯವರು.
ಆತ್ಮದ ಕೋಣೆ, ಎಂದೂ.

ಬೋಡಿಲ್‌ಗೆ ಬೇಕಾದದ್ದು ಇಷ್ಟೇ: ಆತ ಎಲ್ಲಿ ನಿಂತಿದ್ದ?
ದಾರ ಹಿಡಿದು ಅಳೆದಳು, ಗೋಡೆಗೆ ಬೆನ್ನೊತ್ತಿದಳು,
ಮಂಡಿಯೂರಿ ಕೂತು ಒಂದು ಕಣ್ಣು ಮುಚ್ಚಿದಳು.
ನಾಲ್ಕನೆಯ ದಿನ ನಕ್ಕಳು:
"ಮೇಜಿಗೆ ಮೂರೇ ಕಾಲು ಕೊಟ್ಟಿದ್ದಾನೆ ಕಳ್ಳ!
ಬಾಗಿಲಿಗೆ ಹಿಡಿಯನ್ನೇ ಇಟ್ಟಿಲ್ಲ.
ಇವನ ಮನೆಯಿಂದ ಯಾರಾದರೂ ಹೊರಗೆ ಹೋಗುವುದು ಹೇಗೆ?"

ಮರುದಿನ ಕಪಾಟು ಎಳೆಯುವಾಗ ನನಗೆ ಕಂಡದ್ದು
ಹಲಗೆ ನೆಲದ ಮೇಲೆ ಗೀರು.
ಒಂದಲ್ಲ. ಜೋಡಿ ಜೋಡಿ,
ಕೋಣೆಯ ನಡುವಿನಿಂದ ಹೊರಟು, ಹೊಸ್ತಿಲು ಹಾರಿ,
ಅಡುಗೆಮನೆಯ ಇಕ್ಕಟ್ಟು ಪಡಸಾಲೆಯವರೆಗೆ,
ಮತ್ತೆ ವಾಪಸು.
ಆಲೂಗಡ್ಡೆ ಸುಲಿಯುತ್ತ ಐಗಿಲ್ ಹೇಳಿದ:
"ಎರಡು ಸಲ ಉಜ್ಜಿಸಿದೆ. ಹೋಗಲಿಲ್ಲ.
ನಾವು ಬರುವ ಮುಂಚಿನದು. ನನ್ನವಳು ಬೈಯುತ್ತಿದ್ದಳು,
ಯಾವ ಪುಣ್ಯಾತ್ಗಿತ್ತಿಯೋ ದಿನಾ ಎಳೆದಾಡಿದ್ದಾಳೆ ಅಂತ."

ಸಂಜೆ ದಫ್ತರಖಾನೆಯಲ್ಲಿ
ಥ್ಯೂರಾಳ ಮನೆಖರ್ಚಿನ ಪುಸ್ತಕ ತೆಗೆಸಿದೆವು.
ಮೀನು, ಒಂದು ಕ್ರೋನ. ಕಲ್ಲಿದ್ದಲು, ಎರಡು ಕ್ರೋನ ಹತ್ತು ಓರೆ.
ಲೌರಿಟ್ಸನಿಗೆ ಬಿಳಿ ಬಣ್ಣ.
ಮತ್ತೆ ಬಿಳಿ ಬಣ್ಣ.
ವಾರಕ್ಕೊಮ್ಮೆ ತಪ್ಪದೆ, ಅದೇ ಒತ್ತೊತ್ತು ಅಕ್ಷರದಲ್ಲಿ:
ಬೆನ್ನಿಗೆ ಕರ್ಪೂರದೆಣ್ಣೆ, ಎಪ್ಪತ್ತು ಓರೆ.

ಬೋಡಿಲ್ ತುಂಬ ಹೊತ್ತು ಮಾತಾಡಲಿಲ್ಲ.
ನಾನು ನನ್ನ ಸೊಂಟ ಒತ್ತಿಕೊಂಡೆ.

ಮತ್ತೆ ಹನ್ನೊಂದು ಇಪ್ಪತ್ತು.
ಅವಳು ಕ್ಯಾಮೆರಾ ತಿರುಗಿಸಿದಳು.
ಕಿಟಕಿಗಲ್ಲ, ಬಾಗಿಲಿಗಲ್ಲ,
ಆತ ನಿಂತ ಜಾಗದಿಂದ ಆತನ ಬೆನ್ನ ಹಿಂದಕ್ಕೆ.
ನಾನು ಹೊತ್ತು ತಂದು ಒಟ್ಟಿದ್ದೆಲ್ಲ ಅಲ್ಲಿತ್ತು:
ಟೀವಿ, ತಲೆಕೆಳಗಾದ ಕುರ್ಚಿಯ ನಾಲ್ಕೂ ಕಾಲು,
ಹೋದ ವರ್ಷದಲ್ಲೇ ನಿಂತ ಕ್ಯಾಲೆಂಡರು,
ತೀರಿಹೋದವಳ ಹೊಲಿಗೆ ಯಂತ್ರ,
ಒಂದರ ಮೇಲೊಂದು, ಬೀಳಲೂ ಜಾಗವಿಲ್ಲದ ಹಾಗೆ.
ಬೆಳಕು ಅಲ್ಲಿಗೆ ಬರುವುದಿಲ್ಲ.
ಎಂಟು ನಿಮಿಷ ಕಣ್ಣು ತೆರೆದಿಟ್ಟಳು.

ಏಳನೆಯ ನಿಮಿಷಕ್ಕೆ ಐಗಿಲ್ ನಡುವೆ ಬಂದ,
ಕೈಯಲ್ಲಿ ತಟ್ಟೆ,
ನನ್ನ ಕುರ್ಚಿ ಎಲ್ಲಿಟ್ಟಿರಿ ಎಂದು ಹುಡುಕುತ್ತ.
ಎತ್ತಿಕೊಟ್ಟೆ. ಎಳೆಯಲಿಲ್ಲ.

ಫೋಟೋದಲ್ಲಿ ಅವನು ಬಿದ್ದಿಲ್ಲ.
ಬಿದ್ದಿದ್ದಾನೆ ಅನ್ನುತ್ತಾಳೆ ಬೋಡಿಲ್:
ಹೊಲಿಗೆ ಯಂತ್ರದ ಹತ್ತಿರ ಒಂದು ಬೂದು ಮಬ್ಬು.
ಆಲೂಗಡ್ಡೆಯ ಹಬೆಯೂ ಇರಬಹುದು.