ಸಕ್ಕರೆ ಗಾಜು

ಸಿನಿಮಾದಲ್ಲಿ ನಮ್ಮ ಬೀದಿಗೆ ಸುಡುಬೇಸಿಗೆ.
ಚಿತ್ರೀಕರಣ ನಡೆದದ್ದು ಅಕ್ಟೋಬರಿನ ಕ್ಲೀವ್‌ಲ್ಯಾಂಡಿನಲ್ಲಿ,
ಸರೋವರದ ಗಾಳಿ ಕಿವಿ ಕಚ್ಚುವಾಗ.
ತೋಳಿಲ್ಲದ ಅಂಗಿ ತೊಡಿಸಿ, ಹಣೆಗೆ
ಗ್ಲಿಸರಿನ್ ಚಿಮುಕಿಸಿ ನಮ್ಮನ್ನು ಬೆವರಿಸಿದರು.
ಕೂಗುವಾಗ ಬಾಯಿಂದ ಹಬೆ ಬಾರದಿರಲೆಂದು
ಐಸಿನ ತುಂಡು ಚೀಪಿಸಿದರು.
ದಿನಗೂಲಿ ಎಂಬತ್ತು ಡಾಲರು, ಮಧ್ಯಾಹ್ನದ ಊಟ.
ನನ್ನ ಪಾತ್ರ: ಗುಂಪಿನಲ್ಲೊಬ್ಬ ಹೆಂಗಸು.

ಹಂಗೇರಿಯ ಬೋಡ್ನಾರನ ಮಾಂಸದಂಗಡಿಯ ಗಾಜು
ನಾಲ್ಕು ಸಲ ಒಡೆಯಿತು. ನಾಲ್ಕೂ ಸಕ್ಕರೆಯದು.
‘ಕಟ್’ ಅಂದದ್ದೇ ತಡ, ಓಡೆಲ್‌ನ ಮೊಮ್ಮಗ
ಚೂರೊಂದು ನೆಕ್ಕಿ ‘ಸಿಹಿ!’ ಎಂದು ಕುಣಿದ.

ನಾನು ಕಂಡ ಗಾಜು ಬೇರೆ.
ಆಗ ನನಗೆ ಒಂಬತ್ತು. ಅಮ್ಮ ಚಿಮಟ ಹಿಡಿದು
ಅಣ್ಣನ ಅಂಗಾಲಿಂದ ರಾತ್ರಿಯಿಡೀ ಹೆಕ್ಕಿದ್ದಳು.
ಕಲ್ಲೆಸೆದವನು ನೀನೇನಾ ಎಂದು
ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ತೆರೆಯ ಮೇಲಿನ ಬೋಡ್ನಾರ್ ಕೆಂಪು ಮೋರೆಯವ,
ಮಚ್ಚು ಬೀಸುತ್ತ ನಮ್ಮ ಕರಿಯರ ಕುಲಗೋತ್ರ ಜಾಲಾಡುತ್ತಾನೆ.
ನಿಜದ ಬೋಡ್ನಾರ್ ಬೈದದ್ದೇ ಇಲ್ಲ.
ತೂಕದಲ್ಲಿ ಗುಲಗಂಜಿಯಷ್ಟು ಮೋಸವಿಲ್ಲ,
ಸಾರಿಗೆಂದು ಮೂಳೆ ಪುಕ್ಕಟೆ.
ಚಿಲ್ಲರೆಯನ್ನು ಮಾತ್ರ
ಅಮ್ಮ ಚಾಚಿದ ಅಂಗೈಗೆ ಹಾಕುತ್ತಿರಲಿಲ್ಲ.
ಅಮೃತಶಿಲೆಯ ಕಟ್ಟೆಯ ಮೇಲಿಟ್ಟು
ಬೆರಳು ಹಿಂತೆಗೆಯುತ್ತಿದ್ದ.
ಒದ್ದೆ ಕಲ್ಲಿಗಂಟಿದ ನಾಣ್ಯವನ್ನು ಅವಳು
ಉಗುರಿನಿಂದ ಎಬ್ಬಿಸುವ ಸದ್ದು:
ಕಿರ್. ಕಿರ್.

ಇದನ್ನು ನಿರ್ದೇಶಕರಿಗೆ ಹೇಳಿದ್ದೆ.
ಸೌಜನ್ಯದ ಮನುಷ್ಯ, ಬರೆದುಕೊಂಡರು.
‘ಕ್ಯಾಮೆರಾಗೆ ಏನೂ ಆದಂತೆ ಕಾಣುವುದಿಲ್ಲಮ್ಮ’ ಅಂದರು.
ನೋಡಿದವರಿಗೂ ಕಾಣುತ್ತಿರಲಿಲ್ಲ;
ಅದೇ ಅದರ ಹಿಕಮತ್ತು.

ಇವತ್ತು ಚರ್ಚಿನ ನೆಲಮಾಳಿಗೆಯಲ್ಲಿ ಪ್ರದರ್ಶನ.
ಮಡಿಚುವ ಕುರ್ಚಿ, ನೀರು ಕಾಫಿ.
ಅಂಗಡಿ ಹೊತ್ತಿ ಉರಿಯುವಾಗ ಯಾರೋ ಶಿಳ್ಳೆ ಹಾಕಿದರು,
ಯಾರೋ ಗದರಿಸಿದರು.
ನನ್ನ ಕೂಗೂ ಬಂತು, ಒಂದೂವರೆ ಸೆಕೆಂಡು.
ಬಾಯಿ ನನ್ನದು, ದನಿ ಇನ್ನಾರದೋ.

ದೀಪ ಹತ್ತಿದಾಗ ಮುಂದಿನ ಸಾಲಿನಲ್ಲಿ ಇಲೋನಾ,
ಬೋಡ್ನಾರನ ಮಗಳು,
ಎರಡು ಬಸ್ಸು ಬದಲಿಸಿ ಬಂದಿದ್ದಾಳೆ ಮುದುಕಿ.
‘ನಮ್ಮಪ್ಪ ಹಾಗಿರಲಿಲ್ಲ’ ಎಂದಳು, ಯಾರಿಗೂ ಅಲ್ಲವೆಂಬಂತೆ.
ಇರಲಿಲ್ಲ, ಎಂದೆ ನಾನೂ.
ಕಣ್ಣೊರೆಸಿಕೊಳ್ಳುತ್ತ ಕೈಗವಸು ಬೀಳಿಸಿದಳು.
ಬಗ್ಗಿ ಎತ್ತಿಕೊಂಡೆ. ಅವಳು ಕೈ ಚಾಚಿದಳು.

ಉಣ್ಣೆ ಇನ್ನೂ ಬೆಚ್ಚಗಿತ್ತು.
ನಾನದನ್ನು
ಕುರ್ಚಿಯ ಮೇಲಿಟ್ಟೆ.