ಒಳಜೇಬು

ಕೋಡಿಬೆಂಗ್ರೆಯಲ್ಲಿ ಒಂದು ಬದಿ ಹೊಳೆ, ಒಂದು ಬದಿ ಕಡಲು,
ನಡುವೆ ರಸ್ತೆ, ರಸ್ತೆಗೆ ಮುಖಮಾಡಿ ನನ್ನ ಮೆಷಿನ್.
ರವಿಕೆ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ,
ಶಾಲೆ ಮಕ್ಕಳ ಹರಿದ ಜೇಬಿಗೆ ಹದಿನೈದು ರೂಪಾಯಿ.

ಮಂಗಳವಾರ ಹೂಡೆಯ ಶಮೀಮಾ
ಸೈಕಲಿನ ಹಿಂದೆ ಹಾಯಿ ಕಟ್ಟಿಕೊಂಡು ಬಂದಳು.
ಚಾಪೆಯ ಹಾಗೆ ಸುತ್ತಿತ್ತು. ಬಿಚ್ಚಿದರೆ
ಅಂಗಡಿ ಸಾಲಲಿಲ್ಲ, ಅರ್ಧ ರಸ್ತೆಗೆ ಹೋಯಿತು.
ಬಸ್ಸಿನವ ಹಾರ್ನ್ ಹಾಕಿದ. ಹಾಕಲಿ.

"ಬೇಬಕ್ಕ, ಮೂರನೇ ಕಡ್ಡಿ ನಿಲ್ಲುವುದೇ ಇಲ್ಲ.
ಆದಿತ್ಯವಾರ ಅಳಿವೆಯ ಬಾಯಲ್ಲಿ ದೋಣಿ ತಿರುಗಿಸಿದೆ,
ಹಾಯಿ ಪಟಪಟ ಬಡಿಯಿತು,
ಕಡ್ಡಿ ಜೇಬಿನಿಂದ ಚಿಮ್ಮಿತು
ಕಾಣೆಮೀನಿನ ಹಾಗೆ. ಆಮೇಲೆ
ಕಾಣೆ."

ಹಾಯಿಗೆ ಕಡ್ಡಿ ಯಾಕೆ ಮಾರಾಯ್ತಿ, ಕೇಳಿದೆ.
ಹಂಚು ಹೇರಿಕೊಂಡು ಹೋಗುತ್ತಿದ್ದ ಅಜ್ಜನ ಮಂಜಿಗೆ
ಹಾಯಿ ಇತ್ತು, ಹಗ್ಗ ಇತ್ತು, ಬೈಗಳೂ ಇತ್ತು,
ಕಡ್ಡಿ ಇರಲಿಲ್ಲ.
ಅವಳು ನೆಲದಲ್ಲೇ ಕೂತು ಬೆರಳಿನಿಂದ ತೋರಿಸಿದಳು:
ಇದರ ಹಿಂದಿನ ಅಂಚು ಬಿಲ್ಲಿನ ಹಾಗೆ ಹೊರಗೆ ಬಾಗಿದೆ,
ಎಲುಬಿಲ್ಲದಿದ್ದರೆ ಮಡಚಿ ಬೀಳುತ್ತದೆ.
ಅರ್ಥವಾಯಿತು. ಮದುಮಗನ ಶರ್ಟಿನ ಕಾಲರ್.
ಅದರೊಳಗೂ ನಾನು ಕಡ್ಡಿ ಇಡುತ್ತೇನೆ,
ಊಟದ ಹೊತ್ತಿಗೆ ಅದೂ ಎಲ್ಲೋ ಉದುರುತ್ತದೆ.

ಹಾಯಿಯ ಮೇಲೆ ಹಳೆಯ ಕೈಗಳ ಕೆಲಸ ನೋಡಿದೆ.
ಯಾರೋ ನೀಲಿ ಟೇಪು ಸುತ್ತಿದ್ದರು, ಬಿಸಿಲಿಗೆ ಅಂಟು ಕರಗಿತ್ತು.
ಯಾರೋ ಬಲೆಯ ದಾರದಿಂದ ಏಳು ಗಂಟು ಹಾಕಿದ್ದರು,
ಮೂರು ಉಳಿದಿತ್ತು.
ಮೇಲಿನ ಜೇಬಿನ ಬಾಯಿಯನ್ನೇ ಯಾರೋ
ಸಿಟ್ಟಿನಲ್ಲಿ ಹೊಲಿದುಬಿಟ್ಟಿದ್ದರು.
ಕಡ್ಡಿ ಎಲ್ಲಿಗೂ ಹೋಗಿರಲಿಲ್ಲ, ಸರಿ,
ಆದರೆ ಸುತ್ತಿಟ್ಟ ಮಳೆಗಾಲದ ಬಾಗು ಅದಕ್ಕೆ ಹಿಡಿದಿತ್ತು,
ಹಾಯಿಗೆ ಬೇಕಾದ ಕಡೆ ಅಲ್ಲ, ತನಗೆ ತೋಚಿದ ಕಡೆ ಬಾಗಿತ್ತು.
"ಹಾಗೆ ಹೊಲಿಯಬೇಡಿ," ಅಂದಳು, "ಸಂಜೆ ಹೊರಗೆ ತೆಗೆಯಬೇಕು,
ಸಿಹಿನೀರಲ್ಲಿ ತೊಳೆಯಬೇಕು.
ಗಾಳಿಗೆ ಬಿಚ್ಚಬಾರದು, ಕೈಗೆ ಬಿಚ್ಚಬೇಕು."

ಅದು ನನಗೆ ಗೊತ್ತಿಲ್ಲದ ಕೆಲಸವೇ?

ಮೀನು ಮಾರುವ ಹೆಂಗಸರಿಗೆ ಲಂಗದೊಳಗೆ
ಒಂದು ಜೇಬು ಹೊಲಿದುಕೊಡುತ್ತೇನೆ. ಇಪ್ಪತ್ತು ವರ್ಷದಿಂದ.
ಬಾಯಿ ತುದಿಯಲ್ಲಿಲ್ಲ, ನಾಲ್ಕು ಬೆರಳು ಪಕ್ಕಕ್ಕೆ,
ದಿಂಬಿನ ಗವಸಿನ ಹಾಗೆ ಒಳಮಡಿಕೆ.
ನೋಟು ಒಳಗೆ ನೂಕಬೇಕು, ಆಮೇಲೆ ಕೆಳಗೆ ಜಾರಿಸಬೇಕು.
ಬಸ್ಸು ಕುಲುಕಿದರೂ, ಬುಟ್ಟಿ ಹೊತ್ತು ಓಡಿದರೂ ಬೀಳುವುದಿಲ್ಲ.
ಅವರ ಕೈ ಕತ್ತಲಲ್ಲೂ ಹುಡುಕುತ್ತದೆ,
ಗಂಡಂದಿರ ಕೈಗೆ ಹಗಲಲ್ಲೂ ಸಿಗುವುದಿಲ್ಲ.

ಹಾಗೇ ಹೊಲಿದೆ.
ಒಳತುದಿಗೆ ಇಲಾಸ್ಟಿಕ್ ಇಟ್ಟೆ, ಬಿಗಿ ಹೆಚ್ಚಾದರೆ ಕಡ್ಡಿಯನ್ನು
ಅದೇ ಹೊರಗೆ ತಳ್ಳುತ್ತದೆ, ಎರಡು ಸಲ ಬಿಚ್ಚಿದೆ.
ಸೂಜಿ ಮೂರು ಮುರಿಯಿತು. ಹಾಯಿಬಟ್ಟೆ ಬಟ್ಟೆಯಲ್ಲ,
ಒಣಗಿದ ಹಪ್ಪಳ.
ಕಡ್ಡಿಗೆ ಹಿತ್ತಿಲ ಬಿದಿರನ್ನೇ ಸೀಳಿ
ಬಾಟಲಿ ಚೂರಿನಿಂದ ಹೆರೆದು ತುದಿ ದುಂಡಗೆ ಮಾಡಿದೆ,
ಚೂಪು ತುದಿ ತನ್ನ ಜೇಬನ್ನೇ ತಿನ್ನುತ್ತದೆ.
ಶಮೀಮಾ ನೂಕಿದಳು, ಒತ್ತಿದಳು, ಕೆಳಗೆ ಜಾರಿಸಿದಳು.
ಒಳಗೆ ಟಕ್ ಅಂತ ಒಂದು ಸಣ್ಣ ಸದ್ದು.
ಇಬ್ಬರೂ ಹಾಯಿಯ ತುದಿ ಹಿಡಿದು ರಸ್ತೆಯಲ್ಲಿ ಕೊಡವಿದೆವು,
ಕಂಬಳಿ ಕೊಡವಿದ ಹಾಗೆ, ತೋಳು ಸೋಲುವ ತನಕ.

ಎಷ್ಟಾಯಿತು ಅಂತ ಕೇಳಿದಳು.
ಜೇಬಿಗೆ ಹದಿನೈದು, ಅಂದೆ. ಸೂಜಿಯದ್ದು ಬೇರೆ.

ನಿನ್ನೆ ಮಧ್ಯಾಹ್ನ ಪಡುಗಾಳಿ ಏಳುವಾಗ
ವಾರಿಜಕ್ಕ ಖಾಲಿ ಬುಟ್ಟಿ ಇಳಿಸಿ ಬೆಂಚಿನಲ್ಲಿ ಕೂತಿದ್ದಳು.
ಅಳಿವೆಯಲ್ಲಿ ಬಿಳಿ ಹಾಯಿ ಮಗ್ಗುಲು ತಿರುಗಿತು, ಬಡಿಯಿತು, ತುಂಬಿತು.
ನಾನು ಗೆರೆ ಎಣಿಸಿದೆ: ಒಂದು, ಎರಡು,
ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮೂರು.
ಅದರ ಕಥೆ ಹೇಳಿದೆ ಅವಳಿಗೆ.
ಅವಳು ಸೊಂಟದ ಬಳಿ ಒಮ್ಮೆ ಮುಟ್ಟಿ ನೋಡಿಕೊಂಡು
ಬಿದ್ದು ಬಿದ್ದು ನಕ್ಕಳು:
"ಅಯ್ಯೋ ಬೇಬಿ, ಅಲ್ಲಿ ನನ್ನ ಲಂಗ ಹೋಗ್ತಾ ಉಂಟಲ್ಲ!"