ಇಳಿಸುವ ಪಾಳಿ

ಏರಿಸಲು ನಾಲ್ಕು ಗಂಟೆ, ಇಳಿಸಲು ಹದಿನಾಲ್ಕು.
ಹಿನೊಕುಮಾ ಹೇಳಿಕೊಟ್ಟ ಮೊದಲ ಪಾಠ ಇದು,
ಕಿತ್ತಳೆ ಸುಲಿಯುತ್ತ, ಸಿಪ್ಪೆ ತುಂಡಾಗದಂತೆ.

ಶಿಕೋಕುವಿನ ಕಡಲದಂಡೆ. ಜನವರಿ. ರಾತ್ರಿ ಎರಡು.
ನೆಲಮಾಳಿಗೆಯಲ್ಲಿ ಎರಡಾಳೆತ್ತರದ ಯಂತ್ರ,
ಅದರ ಹೊಟ್ಟೆಯಲ್ಲಿ ಎಂಟು ಘನಗಳು:
ಎಂಟು ದಿಕ್ಕಿನ ಒಡೆಯರು ಮುಖಾಮುಖಿ ಕೂತು
ಯಾವುದೋ ಒಂದು ಗುಟ್ಟಿಗೆ ತಲೆ ಬಾಗಿಸಿದ ಹಾಗೆ.
ಗುಟ್ಟು, ಎಳ್ಳುಕಾಳಿನಷ್ಟು ಹಸಿರು ಕಲ್ಲು,
ಜೊತೆಗೆ ಹನಿಯ ಎಷ್ಟನೆಯ ಪಾಲೋ ನೀರು.
ಮೇಲೆ ಎರಡು ಲಕ್ಷ ವಾತಾವರಣಗಳ ತೂಕ.
ಕಾಲಡಿ ಆರುನೂರು ಕಿಲೋಮೀಟರು ಇಳಿದರೆ
ಅಲ್ಲಿ ದಿನಾ ಇಷ್ಟೇ;
ಯಾರೂ ಅದನ್ನು ಭಾರ ಅನ್ನುವುದಿಲ್ಲ.

ಅವನ ಎಡಗಿವಿ ಕೇಳದು.
ಹಿಂದೊಮ್ಮೆ ಇಳಿಸುವಾಗ ಆತುರಪಟ್ಟಿದ್ದ.
ಒಂದೇ ಸಿಡಿತ. ಘನಗಳು ಹಿಟ್ಟು.
ಅಂದಿನಿಂದ ಕಿವಿಯೊಳಗೊಂದು ಜೀರುಂಡೆ.
ಈಗ ಅಂಗೈಯನ್ನು ಉಕ್ಕಿಗೆ ಒತ್ತಿ ಆಲಿಸುತ್ತಾನೆ,
ದೋಣಿಯ ತಳಹಲಗೆ ಮುಟ್ಟಿ
ಮೀನಿನ ಹಿಂಡು ಎಷ್ಟೆಂದು ಹೇಳುತ್ತಿದ್ದನಂತೆ ತಾತ.

"ಒತ್ತುವಾಗ ಒಡೆಯುವುದು ಕಡಿಮೆ, ನಾಗಿಸಾ.
ಬಿಡುವಾಗಲೇ ಜಾಸ್ತಿ."
ಕಲ್ಲಿನ ಬಗ್ಗೆಯೇ ಹೇಳಿದ್ದು.
ಮಾರ್ಚಿಗೆ ಅವನ ನಿವೃತ್ತಿ.
ಆ ಮಾತು ಇಬ್ಬರೂ ಎತ್ತಲಿಲ್ಲ.

ಮೂರೂ ನಲವತ್ತಕ್ಕೆ ಮುಳ್ಳು ಒಮ್ಮೆ ನಡುಗಿತು.
"ಕುವಬರ, ಕುವಬರ" ಅಂದ ಮೆಲ್ಲಗೆ,
ಸಿಡಿಲು ಮನೆಗೆ ಬೀಳದಿರಲೆಂದು
ಇಲ್ಲಿನ ಅಜ್ಜಿಯರು ಗೊಣಗುವ ಮಾತು.
ನನಗೆ ನಗು ಬರಲಿಲ್ಲ.
ಮುಳ್ಳು ನಿಂತಿತು. ಇನ್ನೊಂದು ಕಿತ್ತಳೆ ಸುಲಿದೆವು.

ಮರುದಿನ ಹನ್ನೊಂದಕ್ಕೆ ಬಾಗಿಲು ತೆರೆದು,
ಬಿಳಿ ಚಿಪ್ಪನ್ನು ಬ್ಲೇಡಿನಿಂದ ಕೆರೆದು
ಸೂಕ್ಷ್ಮದರ್ಶಕದ ಕೆಳಗಿಟ್ಟರೆ
ನೀಲಿ.
ಹಸಿರಾಗಿ ಹೋದದ್ದು ನೀಲಿಯಾಗಿ ಬಂದಿದೆ.

ನೀರೆಲ್ಲಿ ಅಂದೆ.
ಒಳಗೇ ಇದೆ ಅಂದ.
ಹರಿಯದ ನೀರು, ಮುಟ್ಟಿದರೆ ಒದ್ದೆಯಾಗದ ನೀರು,
ಕಲ್ಲಿನ ಸಾಲುಮನೆಗಳಲ್ಲಿ ಖಾಲಿ ಬಿದ್ದ ಕೋಣೆ ಹುಡುಕಿ
ಸದ್ದಿಲ್ಲದೆ ಬಾಡಿಗೆಗೆ ಕೂತದ್ದು.
ಈ ಬಿಸಿಲಿನ ನಾಡಿನದಲ್ಲ ಈ ನೀಲಿ.
ಉರಿಯನ್ನು ತಟ್ಟನೆ ಆರಿಸಿದ್ದೆವು,
ಮರಳುವ ದಾರಿ ನೆನಪಾಗುವ ಮೊದಲೇ ತಣ್ಣಗಾಯಿತು.
ಉರಿಯನ್ನು ತಟ್ಟನೆ, ಭಾರವನ್ನು ನಿಧಾನ.
ಎರಡನೆಯ ಪಾಠ. ಮೂರನೆಯದಿಲ್ಲ.

ದಾಖಲೆ ಪುಸ್ತಕ ತೆರೆದು ಬರೆದ:
ಸಂಖ್ಯೆ ೩೧೧೭. ಸಿಡಿತವಿಲ್ಲ.
ಯಂತ್ರ ನಡೆಸಿದವರು ಎಂಬ ಕಡೆ
ನನ್ನೊಬ್ಬಳ ಹೆಸರು ಬರೆದು
ಕೈ ತೊಳೆಯಲು ಹೋದ.

ನಲ್ಲಿಯ ಸದ್ದು ತುಂಬ ಹೊತ್ತು ನಿಲ್ಲಲಿಲ್ಲ.